ಬಿರುಕು ಬಿಟ್ಟ ಬುದ್ಧ ಶಾಪ ತರುವುದಿಲ್ಲ

ಪ್ರಶ್ನೆ: ನಾನು ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯವಳು. ವಯಸ್ಸು ಮೂವತ್ತಾರು. ನಮ್ಮದು ರೇಷ್ಮೆ ಬೆಳೆಯುವ ಮನೆ. ಎರಡು ವರ್ಷದ ಹಿಂದೆ ನನ್ನ ತಮ್ಮ ಚನ್ನಪಟ್ಟಣದ ಗೊಂಬೆ ಅಂಗಡಿಯಿಂದ ಗೇಣುದ್ದದ ಮರದ ಬುದ್ಧನನ್ನು ತಂದುಕೊಟ್ಟ. "ಅಕ್ಕ, ತಲೆ ಬಿಸಿಯಾದಾಗ ಇದರ ಮುಂದೆ ಹತ್ತು ನಿಮಿಷ ಸುಮ್ನೆ ಕೂತ್ಕೊ" ಅಂದಿದ್ದ. ಹೋದ ವರ್ಷ ಅವನು ಹೆದ್ದಾರಿ ಅಪಘಾತದಲ್ಲಿ ತೀರಿಕೊಂಡ. ಅವತ್ತಿನಿಂದ ಆ ಬುದ್ಧನ ಮುಂದೆ ಕೂರುವುದೇ ನನಗೆ ಆಸರೆ. ಈ ಬೇಸಿಗೆಯಲ್ಲಿ ವಿಗ್ರಹದ ಎದೆಯಿಂದ ಮಡಿಲಿನವರೆಗೆ ಬಿರುಕು ಬಿಟ್ಟಿತು. ಅದೇ ವಾರ ಹುಳುವಿಗೆ ಸಪ್ಪೆ ರೋಗ ಬಂದು ಅರ್ಧ ಬೆಳೆ ಹೋಯಿತು. "ಬಿರುಕು ಬಿಟ್ಟ ವಿಗ್ರಹ ಮನೇಲಿರಬಾರದು, ಅದರಲ್ಲೂ ಹೆಂಡ್ತಿ ಮಗನ್ನ ಬಿಟ್ಟು ಹೋದೋನನ್ನ ಸಂಸಾರಸ್ಥರು ಇಟ್ಕೋಬಾರದು, ಕೆರೆಗೆ ಬಿಟ್ಟು ಬಾ" ಅಂತ ಅತ್ತೆ ಹೇಳುತ್ತಿದ್ದಾರೆ. ನಾದಿನಿ "ಅದು ಕಾಲೊನಿಯವರ ದೇವರು" ಅಂದಳು. ನಾನು ಇದನ್ನು ಬಿಟ್ಟು ಹೊಸದು ಕೊಳ್ಳಬೇಕೇ? ಎಂಥದ್ದು ಕೊಳ್ಳಬೇಕು, ಹೇಗೆ ಇಟ್ಟುಕೊಳ್ಳಬೇಕು? ರಾತ್ರಿ ನಿದ್ದೆ ಬರುತ್ತಿಲ್ಲ. ಇನ್ನೊಂದು ಮಾತು. ಇಷ್ಟು ಹುಳುಗಳ ಜೀವ ತೆಗೆದು ಬದುಕುವ ನನಗೆ ಬುದ್ಧನ ಮುಂದೆ ಕೂರುವ ಯೋಗ್ಯತೆ ಇದೆಯೇ? ತಮ್ಮ ಹೋದದ್ದು ಆ ಹುಳುಗಳ ಶಾಪವೇ?

ಹೆಸರು ಬೇಡ, ಚನ್ನಪಟ್ಟಣ ತಾಲ್ಲೂಕು

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ವಿಗ್ರಹದ ಬಗ್ಗೆ ಹಲವು ಸಾಲುಗಳಿವೆ, ತಮ್ಮನ ಬಗ್ಗೆ ಕೆಲವೇ ಸಾಲುಗಳಿವೆ. ಆದರೆ ಅದನ್ನು ಓದಿದ ಯಾರಿಗೂ ನೋವು ಎಲ್ಲಿದೆ ಎಂದು ತಿಳಿಯದೆ ಇರುವುದಿಲ್ಲ. ಬಿರುಕು ಬಿಟ್ಟಿದ್ದು ಅಂಗಡಿಯಲ್ಲಿ ಇನ್ನೊಂದು ಸಿಗುವಂಥ ಗೊಂಬೆಯಲ್ಲ, ತಮ್ಮ ತನ್ನ ಕೈಯಾರೆ ತಂದುಕೊಟ್ಟದ್ದು. ಅದನ್ನು ಕೆರೆಗೆ ಬಿಡು ಎಂದಾಗ ಅವನನ್ನೇ ಇನ್ನೊಂದು ಸಲ ಕಳಿಸಿಕೊಡು ಎಂದ ಹಾಗೆ ನಿಮಗೆ ಕೇಳಿಸಿರಬೇಕು. ನಿಮಗೆ ಭಯವಾಗಿದೆ, ಸಿಟ್ಟೂ ಬಂದಿದೆ, ಸಿಟ್ಟು ಬಂತಲ್ಲ ಎಂದು ನಾಚಿಕೆಯೂ ಆಗಿದೆ. ಇವೆಲ್ಲ ಒಟ್ಟಿಗೇ ಬರುವುದು ಸಹಜ. ದುಃಖದಲ್ಲಿರುವ ಮನಸ್ಸು ಹೀಗೇ ಇರುತ್ತದೆ. ನಿಮ್ಮಲ್ಲಿ ಏನೋ ಕೆಟ್ಟಿದೆ ಎಂದು ತಿಳಿಯಬೇಡಿ.

ವಿಗ್ರಹವನ್ನು ಎಲ್ಲಿಗೂ ಬಿಡಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇವತ್ತು ರಾತ್ರಿಯ ಮಟ್ಟಿಗಾದರೂ ಮನಸ್ಸು ಹಗುರಾಗಲಿ.

ಬಿರುಕು ಯಾಕೆ ಬಂತು ಎಂದು ನೋಡೋಣ. ಚನ್ನಪಟ್ಟಣದ ಗೊಂಬೆಗಳನ್ನು ಬಹಳ ಕಾಲದಿಂದ ಆಲೆ ಮರದಲ್ಲಿ ಮಾಡುತ್ತಾರೆ. ಹದವಾಗಿ ಒಣಗಿಸಿದ ಮರವನ್ನು ಲೇತಿಗೆ ಕೊಟ್ಟು ದುಂಡಗೆ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಎಷ್ಟೇ ಒಣಗಿಸಿದ್ದರೂ ಮರ ಗಾಳಿಯಲ್ಲಿನ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಮಾರ್ಚ್, ಏಪ್ರಿಲ್‌ನ ಬಿಸಿಲಲ್ಲಿ, ಶೀಟಿನ ಮನೆಯಲ್ಲಿ, ದೀಪದ ಪಕ್ಕದಲ್ಲಿ ಇಟ್ಟ ಮರ ತನ್ನ ಎಳೆಯ ಉದ್ದಕ್ಕೆ ಸೀಳು ಬಿಡುತ್ತದೆ. ನಿಮ್ಮ ವಿಗ್ರಹ ಸೀಳಿದ್ದೂ ಎದೆಯಿಂದ ಮಡಿಲಿಗೆ, ಅಂದರೆ ಎಳೆ ಹೋಗುವ ದಾರಿಯಲ್ಲೇ.

ಸಪ್ಪೆ ರೋಗದ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹುಳುಮನೆ ಕಾದು, ಗಾಳಿ ಆಡದೆ, ಸೊಪ್ಪು ಬಾಡಿದಾಗ ಹುಳು ಸೊಪ್ಪು ಮುಟ್ಟುವುದು ಕಡಿಮೆಯಾಗಿ ಮೆತ್ತಗಾಗುತ್ತದೆ. ಬಿರುಕು, ರೋಗ ಎರಡೂ ಒಂದೇ ವಾರ ಆದದ್ದಕ್ಕೆ ಕಾರಣ ಇದೆ, ಆ ವಾರದ ಬಿಸಿಲು. ವಿಗ್ರಹ ಹುಳುಗಳಿಗೆ ರೋಗ ತಂದಿಲ್ಲ. ಮುಂದಿನ ಚಾಕಿ ಹುಳು ತರುವ ಮುಂಚೆ ನಿಮ್ಮ ಹೋಬಳಿಯ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರದವರನ್ನು ಕರೆಸಿ ಹುಳುಮನೆಯ ಸೋಂಕು ನಿವಾರಣೆ, ಗಾಳಿ, ತೇವದ ಬಗ್ಗೆ ಕೇಳಿ. ಅತ್ತೆಯವರೂ ಎದುರಲ್ಲೇ ಇರಲಿ. ರೋಗಕ್ಕೆ ಕಾರಣ ಕಣ್ಣೆದುರು ಸಿಕ್ಕಿದರೆ ಬುದ್ಧನ ಮೇಲಿನ ದೂರು ತಾನಾಗಿ ಕಡಿಮೆಯಾಗುತ್ತದೆ.

ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು ಎಂಬ ನಿಯಮ ನಮ್ಮ ದೇವಸ್ಥಾನಗಳಲ್ಲಿದೆ. ಅದು ಪ್ರಾಣಪ್ರತಿಷ್ಠೆ ಮಾಡಿದ ಮೂರ್ತಿಗೆ ಸಂಬಂಧಿಸಿದ್ದು. ನಿಮ್ಮ ಬುದ್ಧನಿಗೆ ಪ್ರತಿಷ್ಠೆ ಆಗಿಲ್ಲ, ನೈವೇದ್ಯ ಇಲ್ಲ. ಅದು ನೀವು ಕೂತು ಮನಸ್ಸನ್ನು ನಿಲ್ಲಿಸಲು ಇಟ್ಟುಕೊಂಡ ಗುರುತು. ಟಿಬೆಟಿನವರ ಪದ್ಧತಿ ಬೇರೆ. ಅವರು ವಿಗ್ರಹದ ಒಳಗೆ ಮಂತ್ರ ಬರೆದ ಸುರುಳಿಗಳನ್ನು ತುಂಬಿ, ಲಾಮಾಗಳಿಂದ ಆಶೀರ್ವಾದ ಮಾಡಿಸುತ್ತಾರೆ. ಅಂಥದ್ದು ಒಡೆದರೆ ಬೈಲಕುಪ್ಪೆಯ ಮಠಗಳಲ್ಲಿ ಕೇಳುವುದು ಸರಿ. ಗೊಂಬೆ ಅಂಗಡಿಯಿಂದ ತಂದ ಮರದ ಬುದ್ಧನಿಗೆ ಆ ಕಟ್ಟಳೆ ಯಾವುದೂ ಇಲ್ಲ.

ಇದನ್ನು ಓದುತ್ತಿರುವ ಎಷ್ಟೋ ಮನೆಗಳಲ್ಲಿ ಒಡೆದ ವಿಗ್ರಹದ ಅಂಜಿಕೆ ಇದೆ ಎಂದು ಬಲ್ಲೆ. ಅವರೂ ಒಂದು ವಿಷಯ ತಿಳಿಯಲಿ. ಬುದ್ಧ ತೀರಿಕೊಂಡ ಮೇಲೆ ಹಲವು ಶತಮಾನ ಶಿಲ್ಪಿಗಳು ಅವನನ್ನು ಮನುಷ್ಯರೂಪದಲ್ಲಿ ಕಡೆಯಲಿಲ್ಲ. ಪಾದದ ಗುರುತು, ಬೋಧಿವೃಕ್ಷ, ಚಕ್ರ, ಬರಿದಾದ ಪೀಠ, ಇಷ್ಟನ್ನೇ ಕೆತ್ತಿದರು. ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಂಥ ಫಲಕಗಳು ಸಿಕ್ಕಿವೆ. ಇವತ್ತಿಗೂ ಬೆಂಗಳೂರಿನ ಧಮ್ಮ ಪಫುಲ್ಲದಂಥ ವಿಪಸ್ಸನ ಕೇಂದ್ರಗಳ ಧ್ಯಾನಮಂದಿರದಲ್ಲಿ ವಿಗ್ರಹ ಇರುವುದಿಲ್ಲ. ಬುದ್ಧನ ರೂಪ ಧ್ಯಾನಕ್ಕೆ ನೆರವಾಗುತ್ತದೆ, ಆದರೆ ಅದಿಲ್ಲದೆ ಧ್ಯಾನ ನಿಲ್ಲುವುದಿಲ್ಲ. ಇಡಿಯಾಗಿರುವಾಗ ಅದು ಎಷ್ಟು ನೆರವಾಗಿತ್ತೋ ಬಿರುಕು ಬಿಟ್ಟಾಗಲೂ ಅಷ್ಟೇ ನೆರವಾಗುತ್ತದೆ. ಕೂಡಿದ್ದೆಲ್ಲ ಒಂದು ದಿನ ಬಿಡಿಯಾಗುತ್ತದೆ ಎಂದು ಬುದ್ಧ ಬದುಕಿನುದ್ದಕ್ಕೂ ಹೇಳಿದ. ಅವನದೇ ರೂಪ ಬಿರಿದರೆ ಅದರಲ್ಲಿ ಅಪಶಕುನ ಹುಡುಕುವುದು ಯಾಕೆ?

ಈಗ ನೀವು ಕೊನೆಯಲ್ಲಿ, ಇನ್ನೊಂದು ಮಾತು ಎಂದು ಬರೆದ ಎರಡು ಸಾಲಿಗೆ ಬರುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಆ ಎರಡು ಸಾಲೇ ಎಂದು ನನಗೆ ಅನಿಸುತ್ತದೆ.

ಹತ್ತಿರದವರು ದಿಢೀರನೆ ಹೋದಾಗ ಮನಸ್ಸು ಕಾರಣ ಹುಡುಕುತ್ತದೆ. ಹೊರಗೆ ಸಿಗದಿದ್ದರೆ ತನ್ನೊಳಗೇ ಹುಡುಕುತ್ತದೆ. ಅವತ್ತು ನಾನು ಫೋನ್ ಮಾಡಿದ್ದರೆ, ಹಬ್ಬಕ್ಕೆ ಅವನನ್ನು ಉಳಿಸಿಕೊಂಡಿದ್ದರೆ, ನಾವು ಈ ಕಸುಬು ಮಾಡದಿದ್ದರೆ. ಯಾವ ಕಾರಣವೂ ಇಲ್ಲದೆ ತಮ್ಮ ಹೋದ ಎನ್ನುವುದಕ್ಕಿಂತ ನನ್ನ ತಪ್ಪಿನಿಂದ ಹೋದ ಎನ್ನುವುದೇ ಕೆಲವು ಸಲ ಸಹಿಸಲು ಸುಲಭ, ಯಾಕೆಂದರೆ ಅದರಲ್ಲಿ ಒಂದು ಲೆಕ್ಕ ಇದೆ. ಆ ಲೆಕ್ಕ ಸುಳ್ಳು, ತಂಗೀ. ನಿಮ್ಮ ತಮ್ಮ ಹೋದದ್ದು ರಸ್ತೆ ಅಪಘಾತದಲ್ಲಿ. ಹುಳುಮನೆಯ ಹುಳುಗಳಿಗೂ ಆ ರಸ್ತೆಗೂ ನಂಟಿಲ್ಲ.

ಆದರೂ ಹುಳುಗಳ ಬಗ್ಗೆ ನಿಮಗಿರುವ ಸಂಕಟ ಸುಳ್ಳಲ್ಲ, ಅದನ್ನು ಒರೆಸಿಹಾಕಲು ನಾನು ಹೋಗುವುದಿಲ್ಲ. ಹಗಲು ರಾತ್ರಿ ಸೊಪ್ಪು ಹಾಕಿ, ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರು ನೀವು. ಮಗುವಿನಂತೆ ಸಾಕಿದ ಜೀವ ರಾಮನಗರದ ಗೂಡಿನ ಮಾರುಕಟ್ಟೆ ದಾಟಿದ ಮೇಲೆ ಬಿಸಿನೀರಿಗೆ ಹೋಗುತ್ತದೆ ಎಂದು ಬಲ್ಲವರಿಗೆ ಕರುಳು ಚುರ್ ಎನ್ನದೆ ಇರುತ್ತದೆಯೇ? ಈ ಮಾತನ್ನು ನಮ್ಮ ಜಿಲ್ಲೆಯಲ್ಲಿ ಬಾಯಿಬಿಟ್ಟು ಆಡುವವರು ಕಡಿಮೆ. ನೀವು ಆಡಿದ್ದೀರಿ.

ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಪಿಟಕದಲ್ಲಿ ಇದೇ ಸಂಕಟದ ಒಂದು ಪ್ರಸಂಗವಿದೆ. ಆಳವಿ ಎಂಬ ಊರಲ್ಲಿ ಕೆಲವು ಭಿಕ್ಷುಗಳು ರೇಷ್ಮೆ ಕೆಲಸದವರ ಬಳಿ ಹೋಗಿ, ಇನ್ನಷ್ಟು ಹುಳು ಬೇಯಿಸಿ ನಮಗೂ ಕೊಡಿ, ರೇಷ್ಮೆ ಬೆರೆಸಿದ ಹಾಸು ಮಾಡಿಕೊಳ್ಳುತ್ತೇವೆ ಎಂದು ಕೇಳುತ್ತಾರೆ. ಆ ಕೆಲಸದವರು ನೊಂದುಕೊಳ್ಳುತ್ತಾರೆ. ಹೆಂಡತಿ ಮಕ್ಕಳ ಹೊಟ್ಟೆಗಾಗಿ ಸಣ್ಣ ಜೀವಗಳನ್ನು ಕೊಲ್ಲಬೇಕಾಗಿ ಬಂದದ್ದೇ ನಮ್ಮ ದುರದೃಷ್ಟ, ಈ ಸನ್ಯಾಸಿಗಳು ಹೀಗೆ ಕೇಳಬಹುದೇ ಎನ್ನುತ್ತಾರೆ. ಸುದ್ದಿ ಬುದ್ಧನಿಗೆ ಮುಟ್ಟುತ್ತದೆ. ಅವನು ಗದರಿಸಿದ್ದು ಹಾಸು ಬಯಸಿದ ಭಿಕ್ಷುಗಳನ್ನು. ರೇಷ್ಮೆ ಬೆರೆಸಿದ ಹಾಸು ಮಾಡಿಸಿಕೊಳ್ಳಕೂಡದು ಎಂದು ನಿಯಮ ಹಾಕಿದ್ದೂ ಅವರಿಗೇ. ಹೊಟ್ಟೆಪಾಡಿಗೆ ಆ ಕೆಲಸ ಮಾಡುತ್ತ ಒಳಗೇ ನೊಂದವರನ್ನು ಆ ಪ್ರಸಂಗದಲ್ಲಿ ಅವನು ಶಪಿಸಿಲ್ಲ, ದೂರ ಇಟ್ಟಿಲ್ಲ.

ನಿಮ್ಮ ಬಾಯಲ್ಲಿ ಬಂದ ಪ್ರಶ್ನೆ ಅಷ್ಟು ಹಳೆಯದು. ಯೋಗ್ಯತೆ ಇದ್ದವರು ಮಾತ್ರ ಧ್ಯಾನಕ್ಕೆ ಕೂರಬೇಕು ಎಂದು ಬುದ್ಧ ಹೇಳಿದ್ದರೆ ಜನರನ್ನು ಕೊಂದು ಬೆರಳಿನ ಮಾಲೆ ಹಾಕಿಕೊಂಡಿದ್ದ ಅಂಗುಲಿಮಾಲನಿಗೆ ಅವನ ಸಂಘದಲ್ಲಿ ಜಾಗವೇ ಇರುತ್ತಿರಲಿಲ್ಲ. ನಿಮ್ಮ ಸಂಕಟ ಕರುಣೆಯಿಂದ ಹುಟ್ಟಿದ್ದು. ಅದನ್ನು ಇಟ್ಟುಕೊಂಡೇ ಕೂರಿ. ಮುಂದೆ ಎಂದಾದರೂ, ಮನಸ್ಸು ತಿಳಿಯಾದ ಮೇಲೆ, ಕಸುಬಿನ ಬಗ್ಗೆ ಗಂಡನ ಜೊತೆ ಕೂತು ಯೋಚಿಸಬೇಕು ಅನಿಸಿದರೆ ಯೋಚಿಸಿ. ಚಿಟ್ಟೆ ಹಾರಿಹೋದ ಮೇಲೆ ನೂಲು ತೆಗೆಯುವ ಅಹಿಂಸಾ ರೇಷ್ಮೆಯೂ ಇದೆ, ತರಕಾರಿ, ಹೈನು ಇವೂ ಇವೆ. ಆದರೆ ಈಗ, ತಮ್ಮ ಹೋದ ದುಃಖ ಇನ್ನೂ ಹಸಿಯಾಗಿರುವಾಗ, ಅರ್ಧ ಬೆಳೆ ಕಳೆದುಕೊಂಡಿರುವಾಗ, ಮನೆಯ ಅನ್ನದ ದಾರಿಯನ್ನು ಬದಲಿಸುವ ತೀರ್ಮಾನ ಬೇಡ. ಈ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ನಾದಿನಿಯ ಮಾತಿಗೂ ಉತ್ತರ ಬೇಕು. ಆಕೆ ಕೆಟ್ಟವಳು ಎಂದು ನಾನು ತಿಳಿಯುವುದಿಲ್ಲ, ಸುತ್ತ ಕೇಳಿದ್ದನ್ನು ಆಡಿದ್ದಾಳೆ. ಆದರೆ ದಲಿತರ ಕೇರಿಯನ್ನು ಕಾಲೊನಿ ಎಂದು ದೂರವಿಡುವ ಆ ಮಾತಲ್ಲಿ ಇರುವುದು ಜಾತಿ, ಅದನ್ನು ಹಾಗೆಯೇ ಗುರುತಿಸಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದರು, ಲಕ್ಷಾಂತರ ಜನ ಅವರೊಂದಿಗೆ ನಡೆದರು. ಅವಮಾನದಿಂದ ಹೊರಬರಲು ಆ ಜನ ಹಿಡಿದ ದಾರಿ ಅದು. ಅವರ ಮನೆಯ ಗೋಡೆಯ ಮೇಲಿರುವ ಬುದ್ಧ ನಿಮ್ಮ ಕಪಾಟಿನಲ್ಲೂ ಇದ್ದರೆ ಅದರಲ್ಲಿ ತಗ್ಗಿದ್ದು ಏನೂ ಇಲ್ಲ. ಬುದ್ಧ ಕನ್ನಡ ನೆಲಕ್ಕೆ ಹೊಸಬನೂ ಅಲ್ಲ. ಅಶೋಕನ ಶಾಸನಗಳು ಮಸ್ಕಿಯಲ್ಲಿವೆ, ಬ್ರಹ್ಮಗಿರಿಯಲ್ಲಿವೆ. ಮಂಗಳೂರಿನ ಕದ್ರಿ ಮಂಜುನಾಥನ ಗುಡಿಯಲ್ಲಿ ಆಳುಪ ದೊರೆ ಕುಂದವರ್ಮನ ಕಾಲದ, 968ರ ಶಾಸನವಿರುವ ಬೋಧಿಸತ್ವ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ಇದೆ. ನಮ್ಮ ರಾಮನಗರದವರೇ ಆದ ಜಿ.ಪಿ. ರಾಜರತ್ನಂ ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು. ಇದನ್ನೆಲ್ಲ ನಾದಿನಿಗೆ ಜಗಳದ ದನಿಯಲ್ಲಿ ಹೇಳಬೇಡಿ. "ಹಂಗನ್ಬೇಡ ಕಣಮ್ಮ, ನನಗೆ ಅದು ನನ್ನ ತಮ್ಮ ಕೊಟ್ಟ ಬುದ್ಧ" ಎಂದರೆ ಸಾಕು.

ಅತ್ತೆಯವರನ್ನು ಒಪ್ಪಿಸಲು ಬುದ್ಧ ವಿಷ್ಣುವಿನ ಅವತಾರ ಎಂದು ಹೇಳುವಂತೆ ಯಾರಾದರೂ ನಿಮಗೆ ಸಲಹೆ ಕೊಟ್ಟಾರು. ನಾನಾದರೆ ಆ ದಾರಿ ಹಿಡಿಯುವುದಿಲ್ಲ. ಬಾಬಾಸಾಹೇಬರ ದಾರಿಯಲ್ಲಿರುವವರಿಗೆ ಆ ಮಾತು ನೋವು ಕೊಡುತ್ತದೆ, ಅವರು ಸ್ವೀಕರಿಸುವ 22 ಪ್ರತಿಜ್ಞೆಗಳಲ್ಲಿ ಅದನ್ನು ನೇರವಾಗಿ ನಿರಾಕರಿಸಲಾಗಿದೆ. ಅತ್ತೆಗೆ ನಿಜ ಹೇಳಿದರೆ ಸಾಕು. ಬುದ್ಧ ಮನೆ ಬಿಟ್ಟದ್ದು ನಿಜ. ಆದರೆ ಅವನ ಮಾತು ಕೇಳಿದವರಲ್ಲಿ ಅನಾಥಪಿಂಡಿಕನಂಥ ವ್ಯಾಪಾರಿಗಳು, ವಿಶಾಖೆಯಂಥ ತುಂಬು ಸಂಸಾರದ ಗೃಹಿಣಿಯರು ಬೇಕಾದಷ್ಟು ಜನ ಇದ್ದರು, ಅವರು ಮನೆ ಬಿಡಲಿಲ್ಲ. ಅತ್ತೆಯವರ ಒಳಗಿನ ಅಂಜಿಕೆ ಬೇರೆಯೇ ಇರಬಹುದು. ದಿನವೂ ಬಾಗಿಲು ಮುಂದೆ ಮಾಡಿಕೊಂಡು ಮೌನವಾಗಿ ಕೂರುವ ಸೊಸೆ ಮನೆಯಿಂದ ದೂರ ಆಗುತ್ತಿದ್ದಾಳೆ ಎಂದು ಅವರಿಗೆ ಅನಿಸಿರಬಹುದು. ಒಂದು ಸಂಜೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಧ್ಯಾನ ಮಾಡಲಿ ಎಂದೇನಲ್ಲ, ಸುಮ್ಮನೆ ಪಕ್ಕದಲ್ಲಿರಲಿ.

ಬುದ್ಧನನ್ನು ದೇವರ ಮನೆಯಲ್ಲಿಟ್ಟು ಅವರ ಪೂಜೆಗೆ ತೊಡಕು ಮಾಡುವುದೂ ಬೇಡ. ನೀವು ಕೂರುವ ಮೂಲೆಯಲ್ಲಿ, ಕೂತಾಗ ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲಕ್ಕೆ ಬರುವಂತೆ ಒಂದು ಹಲಗೆ ಹಾಕಿಸಿ. ಚಪ್ಪಲಿ ಬಿಡುವ ಕಡೆ, ಮಲಗಿದಾಗ ಕಾಲು ಚಾಚುವ ಕಡೆ ಬೇಡ. ಯಾವ ದಿಕ್ಕು ಎಂದು ತಲೆ ಕೆಡಿಸಿಕೊಳ್ಳಬೇಡಿ. ಕಿಟಕಿಯ ನೇರ ಬಿಸಿಲು ಬೀಳದ, ಹುಳುಮನೆಗೆ ಹೊಡೆಯುವ ಔಷಧಿಯ ಘಾಟು ಬರದ ಜಾಗ ಸಾಕು.

ಬಿರುಕಿನ ವಿಗ್ರಹವನ್ನು ಚನ್ನಪಟ್ಟಣದ ಕುಶಲಕರ್ಮಿಗಳ ಹತ್ತಿರ ಒಯ್ದು ತೋರಿಸಿ. ಮರದ ಪುಡಿ, ಅಂಟು ತುಂಬಿ ಬಿರುಕು ಮುಚ್ಚಬಹುದು. ಹೊಸದಾಗಿ ಅರಗು ಹಾಕಬೇಕಾದರೆ ಅದನ್ನು ಮತ್ತೆ ಲೇತಿಗೆ ಕೊಡಬೇಕು, ಅದು ಸಾಧ್ಯವೋ ಇಲ್ಲವೋ ಅವರೇ ನೋಡಿ ಹೇಳಲಿ. ಹಾಗೆಯೇ ಇರಲಿ ಅನಿಸಿದರೆ ಬಿರುಕನ್ನು ಹಾಗೆಯೇ ಬಿಡಿ, ಮರಕ್ಕೆ ಇನ್ನಷ್ಟು ಬಿಸಿ ತಾಗದಂತೆ ನೋಡಿಕೊಂಡರೆ ಆಯಿತು. ದೀಪ, ಊದುಬತ್ತಿ ಒಂದು ಮೊಳ ದೂರ ಇರಲಿ. ಅರಗು ಕಾವಿಗೆ ಮೆತ್ತಗಾಗುತ್ತದೆ, ಮಸಿಯೂ ಹಿಡಿಯುತ್ತದೆ. ತೊಳೆಯುವುದು, ಅಭಿಷೇಕ, ಎಣ್ಣೆ ಯಾವುದೂ ಬೇಡ. ಒಣಗಿದ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಸ್ಯಾನಿಟೈಸರ್, ಸ್ಪಿರಿಟ್ ಮಾತ್ರ ಎಂದಿಗೂ ತಾಗಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ, ಬಣ್ಣ ಬಟ್ಟೆಗೆ ಬಂದುಬಿಡುತ್ತದೆ.

ಹೊಸದಾಗಿ ಕೊಳ್ಳಬೇಕೆಂದಿರುವ ಓದುಗರಿಗೂ ಒಂದೆರಡು ಮಾತು. ಬೆಲೆ, ಎತ್ತರ ನೋಡುವ ಮುಂಚೆ ಮುಖ ನೋಡಿ. ಆ ಮುಖದ ಎದುರು ದಿನವೂ ಕೂರುವವರು ನೀವು. ನೋಡುತ್ತಿದ್ದಂತೆ ಉಸಿರು ನಿಧಾನವಾದರೆ ಅದು ನಿಮ್ಮದು. ಎರಡೂ ಕೈ ಮಡಿಲಲ್ಲಿ ಒಂದರ ಮೇಲೊಂದಿದ್ದರೆ ಧ್ಯಾನಮುದ್ರೆ. ಬಲಗೈ ನೆಲ ಮುಟ್ಟಿದ್ದರೆ ಭೂಮಿಸ್ಪರ್ಶ, ಜ್ಞಾನೋದಯದ ಗಳಿಗೆಯದು. ಬಲ ಅಂಗೈ ಎದುರಿಗೆ ತೋರಿದ್ದರೆ ಅಭಯ. ಮನೆಯ ಧ್ಯಾನಕ್ಕೆ ಮೊದಲನೆಯದು ಹೆಚ್ಚು ಒಪ್ಪುತ್ತದೆ, ಭಯದಲ್ಲಿರುವವರಿಗೆ ಮೂರನೆಯದು. ಹೊಟ್ಟೆ ಬಿಟ್ಟುಕೊಂಡು ನಗುವ 'ಲಾಫಿಂಗ್ ಬುದ್ಧ' ಗೌತಮ ಬುದ್ಧನಲ್ಲ, ಚೀನಾದ ಒಬ್ಬ ಭಿಕ್ಷುವಿನ ರೂಪ. ಬರೀ ತಲೆಯ ವಿಗ್ರಹ ಅಲಂಕಾರಕ್ಕೆ ಇಡುವುದು ಶ್ರೀಲಂಕಾ, ಥಾಯ್ಲೆಂಡಿನ ಭಕ್ತರಿಗೆ ನೋವು ತರುತ್ತದೆ. ಇಡೀ ರೂಪವನ್ನೇ ಕೊಳ್ಳಿ. ಹಿತ್ತಾಳೆಯದನ್ನು ಹುಣಸೆಹಣ್ಣಿನಿಂದ ಬೆಳಗಬಹುದು, ಆದರೆ ಚಿನ್ನದ ಲೇಪ, ಬಣ್ಣದ ಕಣ್ಣು ಇರುವ ಟಿಬೆಟಿನ ವಿಗ್ರಹಗಳನ್ನು ಉಜ್ಜಬಾರದು. ಪ್ಲಾಸ್ಟರ್‌ನದಕ್ಕೆ ನೀರು ಆಗದು. ಕಲ್ಲಿನದು ಬೇಕಿದ್ದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳಿದ್ದಾರೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಹಳ ಹಳೆಯದು ಎಂದು ಗುಟ್ಟಾಗಿ ಮಾರುವವರ ಹತ್ತಿರ ಕೊಳ್ಳಬೇಡಿ, ನೂರು ವರ್ಷ ಮೀರಿದ ಶಿಲ್ಪಗಳು 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತವೆ. ಇಟ್ಟುಕೊಳ್ಳಲಾಗದ ವಿಗ್ರಹವನ್ನು ಕೆರೆಗೆ ಬಿಡುವ ಬದಲು ಹತ್ತಿರದ ವಿಹಾರದಲ್ಲಿ ಕೇಳಿ.

ನಿಮಗೆ, ತಂಗೀ, ಈಗ ಹೊಸದು ಬೇಡ. ಒಂದು ವರ್ಷ ಕಳೆಯಲಿ. ಆಮೇಲೂ ಬೇಕು ಅನಿಸಿದರೆ ಕೊಳ್ಳಿ, ತಮ್ಮನದೂ ಪಕ್ಕದಲ್ಲಿರಲಿ.

ಈ ವಾರದಿಂದ ಕೂರುವುದನ್ನು ಸ್ವಲ್ಪ ಬದಲಿಸಿ. ಹತ್ತೇ ನಿಮಿಷ, ಬೆಳಗಿನ ಸೊಪ್ಪು ಹಾಕಿದ ಮೇಲೆ. ಅಳು ಬಂದರೆ ಧ್ಯಾನ ಕೆಟ್ಟಿತು ಎಂದು ತಡೆಯಬೇಡಿ, ಅಳಿ, ಮತ್ತೆ ಉಸಿರಿನ ಕಡೆ ಬನ್ನಿ. ಕಣ್ಣು ಮುಚ್ಚಿದ ಕೂಡಲೇ ಅಪಘಾತದ ಚಿತ್ರ ಬರುವುದಾದರೆ ಕಣ್ಣು ತೆರೆದೇ ಕೂರಿ, ವಿಗ್ರಹದ ಕೈಗಳನ್ನು ನೋಡುತ್ತಿರಿ. ಹತ್ತು ದಿನದ ಮೌನ ಶಿಬಿರಗಳಿಗೆ ಈ ಸ್ಥಿತಿಯಲ್ಲಿ ಆತುರದಿಂದ ಹೋಗಬೇಡಿ. ಮುಂದೆ ಹೋಗುವುದಾದರೆ ಅರ್ಜಿಯಲ್ಲಿ ನಿಮ್ಮ ದುಃಖ, ನಿದ್ದೆಯ ತೊಂದರೆ ಮುಚ್ಚಿಡದೆ ಬರೆಯಿರಿ. ಧ್ಯಾನದ ಬಗ್ಗೆ ತಿಳಿದವರೊಡನೆ ಮಾತಾಡಬೇಕಾದರೆ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ ಬೆಂಗಳೂರಿನ ಗಾಂಧಿನಗರದಲ್ಲಿದೆ, ಚನ್ನಪಟ್ಟಣದಿಂದ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು.

ನಿದ್ದೆಯ ವಿಷಯವನ್ನು ಮಾತ್ರ ಧ್ಯಾನಕ್ಕೇ ಬಿಡಬೇಡಿ. ತಮ್ಮ ಹೋಗಿ ವರ್ಷ ಆಗುತ್ತಾ ಬಂದರೂ ರಾತ್ರಿಗಳು ಹೀಗಿದ್ದರೆ, ತಪ್ಪು ನನ್ನದೇ ಎಂಬ ಮಾತು ಬಿಡದೆ ಕಾಡುತ್ತಿದ್ದರೆ, ಊಟ ಸೇರದಿದ್ದರೆ, ಅದಕ್ಕೆ ಚಿಕಿತ್ಸೆ ಇದೆ. ರಾಮನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಬಂದರೂ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಮಾಡಿ.

ಇದರ ಜೊತೆಗೆ ಇನ್ನೊಂದು ಕೆಲಸ. ನಿಮ್ಮ ಪತ್ರದಲ್ಲಿ ಅತ್ತೆ ಇದ್ದಾರೆ, ನಾದಿನಿ ಇದ್ದಾಳೆ, ಗಂಡನ ಮಾತು ಎಲ್ಲೂ ಇಲ್ಲ. ಹುಳುಗಳ ಶಾಪದ ಬಗ್ಗೆ ನನಗೆ ಬರೆದ ಆ ಎರಡು ಸಾಲನ್ನು ಇವತ್ತು ಅವರಿಗೆ ಹೇಳಿ. ಬೆಳೆ ಹೋದ ಚಿಂತೆಯಲ್ಲಿ ಅವರೂ ಒಬ್ಬರೇ ಎಚ್ಚರವಾಗಿರಬಹುದು.